ಬೀಸಣಿಗೆಯ ಸದ್ದು

ಕಾಗೆಗೆ ಹಲ್ಲುಗಳೆಷ್ಟೆಂದು ಎಣಿಸಲು ಹೊರಡುವುದನ್ನು ಶಾಸ್ತ್ರಕಾರರು ನಿಷ್ಪ್ರಯೋಜಕ ವಿಚಾರಕ್ಕೆ ಉದಾಹರಣೆಯಾಗಿ ಹೇಳುವುದುಂಟು. ಕಂಪ್ಯೂಟರಿನ ಹೊಟ್ಟೆಯೊಳಗೆ ತಿರುಗುವ ಅಂಗೈಯಗಲದ ಬೀಸಣಿಗೆಯೊಂದು ಸದ್ದು ಮಾಡಿದರೆ ಏನು ಮಾಡತಕ್ಕದ್ದೆಂಬ ಪ್ರಶ್ನೆಯನ್ನು ಧರ್ಮಜಿಜ್ಞಾಸೆಯ ಪೀಠಕ್ಕೆ ಏರಿಸಿದರೆ, ಅದೂ ಒಂದು ಕಾಕದಂತಪರೀಕ್ಷೆಯೇ ಸರಿಯೆಂದು ಪ್ರಾಜ್ಞರು ನಕ್ಕಾರು. ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ಧರ್ಮಾಧರ್ಮಗಳ ನಿರ್ಣಯವು ಮಹಾಯುದ್ಧಗಳ ರಂಗದಲ್ಲಿಯೇ ಆಗಬೇಕೆಂಬ ನಿಯಮವೇನೂ ಇಲ್ಲ. ಎತ್ತಿನ ಗಾಡಿಯ ಅಚ್ಚು ಕೀರೆಂದಾಗ, ಮನೆಯ ಬಾಗಿಲು ಕಿರುಗುಟ್ಟಿದಾಗ, ದುಡಿಯುವ ಆಳು ಗೊಣಗಿದಾಗ ಮನುಷ್ಯನು ಹೇಗೆ ನಡೆದುಕೊಳ್ಳುವನೆಂಬುದರಿಂದ ಅವನ ಶೀಲವು ತಿಳಿದುಬರುವಷ್ಟು ಚೆನ್ನಾಗಿ ಸಭೆಯಲ್ಲಿ ಅವನು ಮಾಡುವ ಭಾಷಣದಿಂದ ತಿಳಿದುಬರುವುದಿಲ್ಲ. ಸೇವೆ ಮಾಡುವ ವಸ್ತುವು ಸದ್ದು ಮಾಡಿದಾಗ ಅಡಗಿಸಬೇಕಾದುದು ಸದ್ದನ್ನೋ, ಸದ್ದಿನ ಕಾರಣವನ್ನೋ? ಕೈಯಲ್ಲಿ ಹಣವು ಕಡಮೆಯಿದ್ದಾಗ ಈ ಎರಡರ ಭೇದವು ಇನ್ನಷ್ಟು ಮುಖ್ಯವಾಗುವುದೋ, ಅಥವಾ ಬಡವನಿಗೆ ಅಂತಹ ಭೇದವನ್ನೆಣಿಸುವ ಅಧಿಕಾರವೇ ಇಲ್ಲವೋ? ಪ್ರಕೃತ ವಿಚಾರವು ಇಷ್ಟೇ.

ಮೊದಲು ಬೀಸಣಿಗೆಯ ಪ್ರಯೋಜನವನ್ನು ತಿಳಿಯಬೇಕು. ಕಂಪ್ಯೂಟರು ಭಾರವನ್ನೆತ್ತುವುದಿಲ್ಲ, ಬಂಡಿಯನ್ನೆಳೆಯುವುದಿಲ್ಲ, ಕಾಳನ್ನು ಬೀಸುವುದಿಲ್ಲ. ಆದುದರಿಂದ ಅದು ನುಂಗಿದ ವಿದ್ಯುಚ್ಛಕ್ತಿಯೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬೀಳಬೇಕು. ೧೯೪೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಲೋಕಕ್ಕೆ ಪರಿಚಿತವಾದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಸುಮಾರು ೧೫೦ ಕಿಲೋವಾಟ್ ಶಕ್ತಿ ಬೇಕಾಗುತ್ತಿತ್ತು. ಗಾಳಿಯನ್ನು ಬಲವಾಗಿ ನೂಕುವ ಸಾಧನಗಳಿಲ್ಲದೆ ಅದು ನಡೆಯುವಂತಿರಲಿಲ್ಲ. ಇಂದು ಮೇಜಿನ ಪಕ್ಕದಲ್ಲಿ ಕುಳಿತಿರುವ ಕಂಪ್ಯೂಟರಿನ ಪ್ರೊಸೆಸರು ಅನೇಕ ವೇಳೆ ೬೫ ವಾಟ್ ಶಾಖಕ್ಕೆ ಲೆಕ್ಕಹಾಕಿ ನಿರ್ಮಿಸಿದುದಾಗಿರುವುದು. ಹಿಂದೆ ಮನೆಮನೆಯಲ್ಲಿ ಉರಿಯುತ್ತಿದ್ದ ೬೦ ವಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರು, ಅಷ್ಟು ಬಿಸಿಯೂ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹುಟ್ಟುವುದೆಂದು ಊಹಿಸಿಕೊಂಡರೆ ಬೀಸಣಿಗೆಯ ಅವಶ್ಯಕತೆಯು ತಾನಾಗಿಯೇ ಮನದಟ್ಟಾಗುವುದು. ಆ ಬಿಸಿಯು ತೆಳುವಾದ ಒಂದು ಲೇಪದ ಮೂಲಕ ಲೋಹದ ಹಾಳೆಗಳಿಗೆ ಏರುವುದು. ಹಾಳೆಗಳ ನಡುವೆ ಗಾಳಿಯನ್ನು ಹಾಯಿಸಿ ಅದನ್ನು ಒಯ್ಯುವುದೇ ಬೀಸಣಿಗೆಯ ಊಳಿಗ.

ಈ ಊಳಿಗದ ಸದ್ದು ಒಂದೇ ಎಂದು ತೋರಿದರೂ ಒಂದಲ್ಲ. ರೆಕ್ಕೆಗಳು ಗಾಳಿಯನ್ನು ಕಡಿಯುವುದರಿಂದ ಹುಟ್ಟುವ ಬೀಸು ಒಂದು. ನಡುವಣ ಬೇರಿಂಗು ಸವೆದು, ಒಳಗಣ ಎಣ್ಣೆಯು ಆರಿ, ಅಚ್ಚು ಅಲುಗಾಡುವುದರಿಂದ ಹುಟ್ಟುವ ಗುರುಗುಟ್ಟುವಿಕೆ ಮತ್ತೊಂದು. ಬೀಸಣಿಗೆಯ ನಡುಕವು ತಗಡಿನ ಪೆಟ್ಟಿಗೆಗೆ ಹತ್ತಿ, ಪೆಟ್ಟಿಗೆಯೇ ಮದ್ದಳೆಯಂತೆ ಮೊರೆಯುವುದು ಮೂರನೆಯದು. ಕೇಳುವವನಿಗೆ ಮೂರೂ ಸೇರಿ ‘ಕಂಪ್ಯೂಟರಿನ ಗಲಾಟೆ’ ಎಂಬ ಒಂದೇ ಹೆಸರನ್ನು ಪಡೆಯುವುವು. ಹೆಸರು ಒಂದಾದುದರಿಂದ ಮದ್ದೂ ಒಂದೇ ಎಂದು ಭ್ರಮಿಸುವುದೇ ಮೊದಲನೆಯ ತಪ್ಪು.

ತತ್ತ್ವವನ್ನು ಬರಿದೇ ಚರ್ಚಿಸುವುದಕ್ಕಿಂತ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳುವುದು ಲೇಸು. ತಾಲ್ಲೂಕು ಪಟ್ಟಣವೊಂದರಲ್ಲಿ ಸಂಘದ ವಾಚನಾಲಯವಿದೆಯೆಂದು ಇಟ್ಟುಕೊಳ್ಳಬಹುದು. ಅಲ್ಲಿಗೆ ದಾನವಾಗಿ ಬಂದ ಹತ್ತು ವರ್ಷಗಳಿಗೂ ಹಳೆಯದಾದ ಕಂಪ್ಯೂಟರು ಒಂದು. ಅದರಲ್ಲಿ ಮೂರು ಬೀಸಣಿಗೆಗಳು: ಪ್ರೊಸೆಸರಿನ ತಲೆಯ ಮೇಲೊಂದು, ಕ್ಯಾಬಿನೆಟ್ಟಿನ ಬೆನ್ನಿಗೊಂದು, ವಿದ್ಯುತ್ತನ್ನು ಪಳಗಿಸಿ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೊಂದು. ಯಂತ್ರವು ಎಚ್ಚೆತ್ತರೆ ಓದುವ ಕೋಣೆಯಲ್ಲಿದ್ದವರೆಲ್ಲರೂ ಒಮ್ಮೆ ತಲೆಯೆತ್ತುವರು, ಬಳಿಕ ತಗ್ಗಿಸುವರು. ಆ ವರ್ಷದ ದುರಸ್ತಿಗೆಂದು ಸಂಘದಲ್ಲಿ ಉಳಿದಿರುವ ಹಣವು ೧,೫೦೦ ರೂಪಾಯಿ. ಸಂಜೆಯ ಹೊತ್ತು ಆ ಯಂತ್ರದ ಮುಂದೆ ಬಂದು ಕೂರುವವನು ಕಾಲೇಜಿನಲ್ಲಿ ಓದುವ, ದೃಷ್ಟಿಯಿಲ್ಲದ ಒಬ್ಬ ಹುಡುಗ. ೨೦೦೬ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ, ಬೆಲೆಯಿಲ್ಲದೆ ದೊರೆಯುವ ಎನ್‌ವಿಡಿಎ ಎಂಬ ತಂತ್ರಾಂಶವು ಪರದೆಯ ಮೇಲಣ ಕನ್ನಡವನ್ನು ಅವನಿಗೆ ಓದಿ ಹೇಳುವುದು. ಅವನು ಹೆಡ್‌ಫೋನನ್ನು ಒಂದೇ ಕಿವಿಗೆ ಇಟ್ಟುಕೊಳ್ಳುವನು. ಮತ್ತೊಂದು ಕಿವಿಯು ಯಾರು ಬಂದರು, ಯಾರು ಕರೆದರು, ಬಾಗಿಲು ಯಾವ ಕಡೆಯೆಂಬುದಕ್ಕೆ ಮೀಸಲು.

ಇಲ್ಲಿ ವ್ಯಾಕರಣದ ಮಾತೊಂದನ್ನು ಹೇಳದೆ ಮುಂದುವರಿಯಲಾಗದು. ಶ, ಷ, ಸ, ಹ ಎಂಬ ನಾಲ್ಕಕ್ಕೆ ಸಂಸ್ಕೃತ ವೈಯಾಕರಣರು ಊಷ್ಮಗಳೆಂದು ಹೆಸರಿಟ್ಟಿದ್ದಾರೆ. ಊಷ್ಮವೆಂದರೆ ಬಿಸಿ, ಬಿಸಿಯುಸಿರು. ಈ ಅಕ್ಷರಗಳಲ್ಲಿರುವುದು ಬಹುಮಟ್ಟಿಗೆ ಉಸಿರಿನ ಉಜ್ಜಾಟವೇ. ಮಹಾಪ್ರಾಣವನ್ನು ಅಲ್ಪಪ್ರಾಣದಿಂದ ಬೇರೆ ಮಾಡುವುದೂ ಒಂದು ಉಸಿರಿನ ಎಳೆಯೇ. ಬೀಸಣಿಗೆಯ ಬೀಸೂ ಅದೇ ಜಾತಿಯದು. ಗಾಳಿಯು ಗಾಳಿಯನ್ನು ನುಂಗುವುದು. ಯಂತ್ರದ ಊಷ್ಮವನ್ನು ಕಳೆಯಲು ಇಟ್ಟ ಬೀಸಣಿಗೆಯು ಭಾಷೆಯ ಊಷ್ಮವನ್ನೂ ಕಳೆಯುವುದೆಂದರೆ ಶ್ಲೇಷೆಯೆಂದು ತೋರಬಹುದು, ಆದರೆ ಸಂಗತಿಯು ಹಾಗೆಯೇ ಇದೆ. ಕಣ್ಣಿದ್ದವನಿಗೆ ‘ಧನ’ವೂ ‘ದನ’ವೂ ಅಕ್ಷರದಲ್ಲಿಯೇ ಬೇರೆ. ಕಿವಿಯೊಂದನ್ನೇ ನಂಬಿದವನಿಗೆ ಆ ಒಂದು ಉಸಿರು ಕಾಣೆಯಾದರೆ ವಾಕ್ಯವೇ ಕೈತಪ್ಪುವುದು. ಅದೇ ಪಂಕ್ತಿಯನ್ನು ಎರಡು ಸಲ, ಮೂರು ಸಲ ಕೇಳಬೇಕಾಗುವುದು.

ಸಂಘದ ಸಭೆಯಲ್ಲಿ ಮೂರು ಮತಗಳು ಹುಟ್ಟಿದುವೆಂದು ಭಾವಿಸಬಹುದು. ಅವು ಮೂರೂ ಲೋಕದಲ್ಲಿ ಎಲ್ಲೆಲ್ಲಿಯೂ ಕೇಳಿಬರುವ ಮತಗಳೇ.

ಖಜಾಂಚಿಯದು ಸಹನೆಯ ಪಕ್ಷ. ಆ ಹಣಕ್ಕೆ ಏಳೆಂಟು ಪುಸ್ತಕಗಳು ಬರುವುವು, ನೂರು ಜನರು ಓದುವರು, ಸದ್ದಿನಿಂದ ತೊಂದರೆಯಾಗುವುದು ಒಬ್ಬನಿಗೆ, ಮಿಕ್ಕವರಿಗೆ ಅಭ್ಯಾಸವಾಗಿದೆ, ಆ ಹುಡುಗನು ಎರಡು ಕಿವಿಗೂ ಹೆಡ್‌ಫೋನು ಹಾಕಿಕೊಂಡು ಸ್ವಲ್ಪ ಗಟ್ಟಿಯಾಗಿ ಕೇಳಿದರೆ ತೀರಿತು, ಎಂದು ಅವರ ವಾದ. ಈ ವಾದವನ್ನು ಜಿಪುಣತನವೆಂದು ತಳ್ಳಿಬಿಡುವುದು ಅನ್ಯಾಯ. ಸಾರ್ವಜನಿಕರ ಹಣಕ್ಕೆ ಉತ್ತರವಾದಿಯಾದವನು ಹೀಗೆ ಕೇಳಲೇಬೇಕು. ಸದ್ದಿನ ವಿಷಯದಲ್ಲಿ ಅತಿಯಾಗಿ ನೊಂದುಕೊಂಡ ದೊಡ್ಡವರ ಕಥೆಗಳೂ ಅವರ ಪಕ್ಷಕ್ಕೆ ಬೆಂಬಲವಾಗಿ ನಿಲ್ಲುವುವು. ಜರ್ಮನಿಯ ತತ್ತ್ವಜ್ಞಾನಿ ಶೋಪೆನ್‌ಹೌವರನು ೧೮೫೧ರಲ್ಲಿ ಅಚ್ಚಾದ ತನ್ನ ಪ್ರಬಂಧವೊಂದರಲ್ಲಿ ಗಾಡಿಯವರ ಚಾವಟಿಯ ಛಟೀರನ್ನು ವಿಚಾರದ ಕೊಲೆಯೆಂಬಂತೆ ವರ್ಣಿಸಿದನು. ಲಂಡನ್ನಿನ ಕಾರ್ಲೈಲನು ೧೮೫೩ರಲ್ಲಿ ಮನೆಯ ಮೇಲೆ ಸದ್ದು ಹೊಗದ ಕೋಣೆಯೊಂದನ್ನು ಬಹಳ ಖರ್ಚಿನಿಂದ ಕಟ್ಟಿಸಿದನು. ಸದ್ದು ಹೊಕ್ಕೇ ಹೊಕ್ಕಿತು. ಎಲ್ಲಕ್ಕಿಂತ ಪ್ರಕೃತಕ್ಕೆ ಸಮೀಪವಾದುದು ಚಾರ್ಲ್ಸ್ ಬ್ಯಾಬೇಜನ ಕಥೆ. ಗಣಕಯಂತ್ರದ ಪಿತಾಮಹನೆಂದು ಹೆಸರಾದ ಈತನು (೧೭೯೧–೧೮೭೧) ಬೀದಿಯ ವಾದ್ಯಗಾರರೊಡನೆ ವರ್ಷಗಟ್ಟಲೆ ಹೋರಾಡಿದನು. ೧೮೬೪ರ ತನ್ನ ಆತ್ಮಕಥನದಲ್ಲಿ ಬೀದಿಯ ಉಪದ್ರವಗಳಿಗೆಂದೇ ಒಂದು ಅಧ್ಯಾಯವನ್ನು ಬರೆದನು. ಅದೇ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ಬೀದಿಯ ಸಂಗೀತವನ್ನು ನಿಯಂತ್ರಿಸುವ ಶಾಸನವನ್ನು ಮಾಡಿತು. ಸದ್ದನ್ನು ಅಷ್ಟು ದ್ವೇಷಿಸಿದವನ ಮಾನಸಪುತ್ರನೇ ಈಗ ಮನೆಮನೆಯಲ್ಲಿ ಗುರುಗುಟ್ಟುತ್ತಿರುವನು.

ಆದರೆ ಬ್ಯಾಬೇಜನ ಕಥೆಯು ಖಜಾಂಚಿಗೆ ಒಂದು ಕೈಯಿಂದ ಕೊಟ್ಟುದನ್ನು ಮತ್ತೊಂದು ಕೈಯಿಂದ ಕಿತ್ತುಕೊಳ್ಳುವುದು. ಬೀದಿಯಲ್ಲಿ ಪೆಟ್ಟಿಗೆವಾದ್ಯವನ್ನು ತಿರುಗಿಸುತ್ತಿದ್ದವನಿಗೆ ಹೊಟ್ಟೆಯೊಂದಿತ್ತು. ಅವನ ಸದ್ದನ್ನು ನಿಲ್ಲಿಸುವುದೆಂದರೆ ಅವನ ಅನ್ನವನ್ನು ನಿಲ್ಲಿಸುವುದು. ಆದುದರಿಂದ ಅಲ್ಲಿ ಒಬ್ಬನ ವಿಶ್ರಾಂತಿಗೂ ಇನ್ನೊಬ್ಬನ ಜೀವನಕ್ಕೂ ತೂಕ ನೋಡಬೇಕಾಗಿತ್ತು. ಬೀಸಣಿಗೆಗೆ ಹೊಟ್ಟೆಯಿಲ್ಲ. ಅದರ ಸದ್ದು ಕಳೆದರೆ ಯಾರ ಅನ್ನಕ್ಕೂ ಕೇಡಿಲ್ಲ. ಇನ್ನು ಉಳಿಯುವುದು ಪುಸ್ತಕಗಳ ಪ್ರಶ್ನೆ. ಏಳೆಂಟು ಹೊಸ ಪುಸ್ತಕಗಳು ಬಾರದಿದ್ದರೆ ಕಣ್ಣಿದ್ದ ನೂರು ಜನರಿಗೆ ಏಳೆಂಟು ಪುಸ್ತಕಗಳು ತಪ್ಪುವುವು. ಕಪಾಟಿನಲ್ಲಿರುವ ಮಿಕ್ಕವು ಅವರಿಗೆ ಇದ್ದೇ ಇವೆ. ಆ ಹುಡುಗನಿಗಾದರೋ ವಾಚನಾಲಯಕ್ಕಿರುವುದು ಒಂದೇ ಬಾಗಿಲು. ಸದ್ದು ಆ ಬಾಗಿಲಿನಲ್ಲಿಯೇ ನಿಂತಿದೆ. ನೂರಕ್ಕೆ ಒಂದು ಎಂಬ ಲೆಕ್ಕವು ತಲೆಗಳನ್ನೆಣಿಸಿತೇ ಹೊರತು ನಷ್ಟವನ್ನೆಣಿಸಲಿಲ್ಲ.

ಹೆಡ್‌ಫೋನಿನ ಸಲಹೆಯಲ್ಲಿ ಇನ್ನೂ ಒಂದು ದೋಷವಿದೆ. ಹೊರಗಣ ಸದ್ದನ್ನು ಮೀರಿಸಲು ಒಳಗಣ ಸದ್ದನ್ನು ಏರಿಸಬೇಕು. ೮೦ ಡೆಸಿಬಲ್ಲಿನ ಸದ್ದನ್ನು ವಾರಕ್ಕೆ ೪೦ ಗಂಟೆಗಳಿಗೆ ಮೀರದಂತೆ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಿತಿ ಹೇಳಿದೆ. ಸದ್ದು ಏರಿದಷ್ಟೂ ಆ ಕಾಲವು ಬಹು ಬೇಗ ಕುಗ್ಗುವುದು. ಕಣ್ಣಿದ್ದವನ ಕಿವಿಯು ಕೆಟ್ಟರೆ ಅವನಿಗೆ ಇನ್ನೊಂದು ಇಂದ್ರಿಯವುಂಟು. ಎರಡು ಕಿವಿಗಳನ್ನೂ ಮುಚ್ಚಿಕೊಂಡು ಕೂರೆಂದು ಆ ಹುಡುಗನಿಗೆ ಹೇಳುವುದು, ಕೋಣೆಯ ದೀಪವನ್ನಾರಿಸಿ ಓದೆಂದು ಮಿಕ್ಕವರಿಗೆ ಹೇಳಿದಂತೆ. ‘ಅಭ್ಯಾಸವಾಗುವುದು’ ಎಂಬ ಮಾತನ್ನು ಅಭ್ಯಾಸವಾದವರೇ ಯಾವಾಗಲೂ ಹೇಳುವರೆಂಬುದನ್ನೂ ಇಲ್ಲಿ ಗಮನಿಸಬೇಕು.

ಎರಡನೆಯದು ಗುಮಾಸ್ತೆಯ ಪಕ್ಷ. ಇದು ಕಾಸಿಲ್ಲದ ಪರಿಹಾರ. ಬೆನ್ನಿನ ಬೀಸಣಿಗೆಯ ತಂತಿಯನ್ನು ಕಿತ್ತುಬಿಡುವುದು, ಪ್ರೊಸೆಸರಿನದನ್ನು ನಿಧಾನ ಮಾಡಿಬಿಡುವುದು. ಬೀಸಣಿಗೆಯ ಮೂರನೆಯ ತಂತಿಯ ಮೂಲಕ ಅದು ಸುತ್ತಿದ ಪ್ರತಿ ಸುತ್ತಿಗೂ ಎರಡೆರಡು ಸಂಕೇತಗಳು ಮದರ್‌ಬೋರ್ಡಿಗೆ ಹೋಗುವುವು. ಅವು ಬಾರದಿದ್ದರೆ ಯಂತ್ರವು ಏಳುವಾಗಲೇ ಎಚ್ಚರಿಕೆ ಕೊಡುವುದು. ಆ ಎಚ್ಚರಿಕೆಯನ್ನು ಲೆಕ್ಕಿಸಬೇಡವೆಂದು ಆಜ್ಞೆಮಾಡುವ ಅವಕಾಶವೂ ಯಂತ್ರದಲ್ಲಿಯೇ ಉಂಟು. ಅದನ್ನೂ ಮಾಡಿಬಿಟ್ಟರೆ ಸದ್ದೂ ಇಲ್ಲ, ಸೂಚನೆಯೂ ಇಲ್ಲ, ಖರ್ಚೂ ಇಲ್ಲ. ಮನುಷ್ಯನು ತನ್ನ ಅಂತಃಸಾಕ್ಷಿಗೆ ಮಾಡಿಕೊಳ್ಳುವ ಏರ್ಪಾಡೂ ಇದಕ್ಕಿಂತ ಹೆಚ್ಚು ಭಿನ್ನವಾಗಿರುವುದಿಲ್ಲ.

ಈ ಪಕ್ಷದಲ್ಲಿಯೂ ಸತ್ಯದ ಒಂದಂಶವಿದೆ. ಬೀಸಣಿಗೆಯ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯು ಅರ್ಧವಾಗುವುದು. ಸದ್ದಾದರೋ ಸುಮಾರು ೧೫ ಡೆಸಿಬಲ್ಲಿನಷ್ಟು ಇಳಿಯುವುದು. ೧೦ ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ತೋರುವುದರಿಂದ ಇದು ದೊಡ್ಡ ಲಾಭವೇ. ಗಾಳಿಯು ಅವಶ್ಯಕತೆಗಿಂತ ಹೆಚ್ಚಾಗಿದ್ದರೆ ಹೀಗೆ ತಗ್ಗಿಸುವುದು ನ್ಯಾಯವೂ ಹೌದು, ಜಾಣತನವೂ ಹೌದು. ಹೆಚ್ಚಾಗಿರದಿದ್ದರೆ? ಆಗ ಮುಚ್ಚಿದ ಶಾಖವು ತನ್ನ ಕೆಲಸವನ್ನು ಮೌನವಾಗಿ ಮಾಡುವುದು. ಪ್ರೊಸೆಸರು ೧೦೦ ಡಿಗ್ರಿಯ ಸಮೀಪಕ್ಕೆ ಬಂದಾಗ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಂಡು ಪ್ರಾಣವನ್ನುಳಿಸಿಕೊಳ್ಳುವುದು. ಅದರ ಸುತ್ತಲಿನ ಕೆಪ್ಯಾಸಿಟರುಗಳಿಗೆ ಅಂತಹ ಉಪಾಯವಿಲ್ಲ. ದ್ರವ ತುಂಬಿದ ಕೆಪ್ಯಾಸಿಟರಿನ ಸುತ್ತಣ ಬಿಸಿಯು ೧೦ ಡಿಗ್ರಿ ಏರಿದಂತೆಲ್ಲಾ ಅದರ ಆಯುಷ್ಯವು ಸುಮಾರು ಅರ್ಧವಾಗುವುದೆಂಬುದು ಆ ವಿದ್ಯೆಯವರು ಬಲ್ಲ ಲೆಕ್ಕ. ಕಾಸಿಲ್ಲದ ಪರಿಹಾರವೆಂದದ್ದು ಹೀಗೆ ಸಾಲವಾಗಿ ಪರಿಣಮಿಸುವುದು. ತೀರಿಸುವವನು ಮಾತ್ರ ಬೇರೆ.

ಈ ಭೇದವನ್ನು ಕಾಣಿಸುವುದಕ್ಕೆ ಅಮೆರಿಕದ ಆ್ಯಪಲ್ ಸಂಸ್ಥೆಯ ಎರಡು ಯಂತ್ರಗಳ ಚರಿತ್ರೆಯು ಶಾಸ್ತ್ರೋದಾಹರಣೆಯಂತಿದೆ. ೧೯೭೭ರ ಆ್ಯಪಲ್ ಎರಡು ಎಂಬ ಯಂತ್ರದಲ್ಲಿ ಬೀಸಣಿಗೆಯಿರಲಿಲ್ಲ. ಸ್ಟೀವ್ ಜಾಬ್ಸನಿಗೆ ಬೀಸಣಿಗೆಯ ಸದ್ದು ಸೇರದು. ಅವನ ಇಷ್ಟವನ್ನು ನಡೆಯಿಸಿದವನು ರಾಡ್ ಹೋಲ್ಟ್ ಎಂಬ ಶಿಲ್ಪಿ. ಹಿಂದಿನ ರೀತಿಗಿಂತ ಬಹಳ ಕಡಮೆ ಶಾಖವನ್ನು ಹುಟ್ಟಿಸುವ ವಿದ್ಯುತ್ ಪೂರೈಕೆಯನ್ನು ಆತನು ರಚಿಸಿದನು. ಶಾಖವೇ ಕಡಮೆಯಾದ ಮೇಲೆ ಬೀಸಣಿಗೆಯು ಅನಾವಶ್ಯಕವಾಯಿತು. ೧೯೮೦ರ ಆ್ಯಪಲ್ ಮೂರರಲ್ಲಿಯೂ ಬೀಸಣಿಗೆ ಬೇಡವೆಂದು ಅಪ್ಪಣೆಯಾಯಿತು. ಈ ಸಲ ಒಳಗಣ ಶಾಖವು ಕಡಮೆಯಾಗಿರಲಿಲ್ಲ. ಲೋಹದ ತಳವು ಅದನ್ನು ಹೊರಗೆಳೆಯುವುದೆಂದು ನಂಬಲಾಗಿತ್ತು. ಯಂತ್ರಗಳು ಕೆಟ್ಟವು. ಚಿಪ್ಪುಗಳು ತಮ್ಮ ಕುಳಿಗಳಿಂದ ಸಡಲಿ ಮೇಲೆದ್ದುವು. ಯಂತ್ರವನ್ನು ಕೆಲವು ಅಂಗುಲ ಎತ್ತಿ ಕೈಬಿಟ್ಟರೆ ಅವು ಮತ್ತೆ ಕುಳಿತುಕೊಳ್ಳುವುವೆಂದು ಕೊಂಡವರಿಗೆ ಹೇಳಬೇಕಾದ ದುರವಸ್ಥೆ ಬಂದಿತು. ಶಾಖದೊಡನೆ ಬೇರೆ ದೋಷಗಳೂ ಸೇರಿದ್ದುವೆಂಬುದು ನಿಜ. ಆದರೂ ಎರಡು ಮೌನಗಳ ಅಂತರವು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ವೇದಾಂತಿಗಳು ಸಾಧಕನಿಗೆ ಹೇಳಿದ ಆರು ಸಂಪತ್ತುಗಳಲ್ಲಿ ಶಮವನ್ನು ಮೊದಲು ಹೇಳಿ ದಮವನ್ನು ಆಮೇಲೆ ಹೇಳಿದ್ದಾರೆ. ಶಮವು ಒಳಗಣ ಶಾಂತಿ, ದಮವು ಹೊರಗಣ ಇಂದ್ರಿಯಗಳ ನಿಗ್ರಹ. ಒಳಗೆ ಬೇಯುತ್ತಿದ್ದು ಹೊರಗೆ ಮಾತ್ರ ಸುಮ್ಮನಿರುವವನಿಗೆ ಗೀತೆಯ ಮೂರನೆಯ ಅಧ್ಯಾಯದಲ್ಲಿ ಮಿಥ್ಯಾಚಾರನೆಂಬ ಹೆಸರಿದೆ. ಯಂತ್ರಕ್ಕೆ ಆ ಹೆಸರು ಸಲ್ಲದು. ಅದನ್ನು ಹಾಗೆ ಸುಮ್ಮನಾಗಿಸಿದವನಿಗೆ ಸಲ್ಲಬಹುದು.

ಕಾರ್ಯದರ್ಶಿಯದು ಮೂರನೆಯ ಪಕ್ಷ: ಚಂದಾ ಎತ್ತಿ ಹೊಸ ಕಂಪ್ಯೂಟರನ್ನೇ ತರುವುದು. ಇದಕ್ಕೆ ದೀರ್ಘವಾದ ಉತ್ತರವು ಬೇಕಿಲ್ಲ. ನೆಗಡಿಯಾದರೆ ಮೂಗನ್ನು ಕೊಯ್ದುಕೊಳ್ಳುವರೇ ಎಂಬ ಗಾದೆಯು ಕನ್ನಡಿಗರಿಗೆ ಹೊಸದಲ್ಲ. ಚಂದಾ ಕೂಡುವವರೆಗೆ ಆ ಹುಡುಗನ ಪರೀಕ್ಷೆಯು ಕಾಯುವುದಿಲ್ಲ; ಎಸೆದ ಯಂತ್ರದ ಸೀಸವೂ ಪ್ಲಾಸ್ಟಿಕ್ಕೂ ಯಾವುದೋ ಊರಿನ ಹೊರಗೆ ಯಾರದೋ ಮಕ್ಕಳ ಉಸಿರಿಗೆ ಸೇರದಿರಲೆಂದೇ ೨೦೨೨ರಲ್ಲಿ ಭಾರತ ಸರ್ಕಾರವು ವಿದ್ಯುನ್ಮಾನ ತ್ಯಾಜ್ಯದ ಹೊಸ ನಿಯಮಗಳನ್ನು ಮಾಡಬೇಕಾಯಿತು. ಗುಂಡಿಗೆ ಸರಿಯಾಗಿದ್ದು ಉಸಿರು ಮಾತ್ರ ಏದುತ್ತಿರುವವನನ್ನು ಮಸಣಕ್ಕೆ ಹೊರುವುದು ದಾನಶೂರತೆಯಲ್ಲ.

ಈ ಮೂರು ಪಕ್ಷಗಳನ್ನು ಒಟ್ಟಿಗೆ ನೋಡಿದರೆ ಒಂದು ಸಾಮಾನ್ಯ ಲಕ್ಷಣವು ಕಂಡುಬರುವುದು. ಸಹಿಸೆಂದವರೂ ಅಡಗಿಸೆಂದವರೂ ಎಸೆಯೆಂದವರೂ ಸದ್ದನ್ನು ಕುರಿತು ಮಾತನಾಡಿದರೇ ಹೊರತು ಸದ್ದನ್ನು ಕೇಳಲಿಲ್ಲ. ಧನಿಕನಿಗೆ ಕೇಳದೆಯೇ ನಡೆಯುವ ಸೌಕರ್ಯವುಂಟು. ಹೆಸರುವಾಸಿಯಾದ ಬೀಸಣಿಗೆಗೆ ಸಾವಿರಕ್ಕೂ ಮೇಲೆ ಬೆಲೆಯಾದರೂ ಮೂರನ್ನೂ ಒಂದೇ ಸಲ ಬದಲಾಯಿಸಿಬಿಡುವನು. ಮೂರರಲ್ಲಿ ಎರಡು ಕೆಟ್ಟಿರಲಿಲ್ಲವೆಂಬುದು ಅವನಿಗೆ ಎಂದೂ ತಿಳಿಯದು. ಅಲ್ಪಧನನು ಒಂದನ್ನೇ ಕೊಳ್ಳಬಲ್ಲನಾದುದರಿಂದ ಯಾವುದನ್ನೆಂದು ಮೊದಲು ತಿಳಿಯಲೇಬೇಕು. ಹೀಗೆಂದು ಬಡತನವನ್ನು ಗುರುವೆಂದು ಕೊಂಡಾಡುವುದು ಸಲ್ಲದು; ಬಡತನವು ಕಲಿಸಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಆದರೆ ಇಲ್ಲಿ ಬಡವನಿಗೆ ಭೇದವನ್ನೆಣಿಸುವ ಅಧಿಕಾರವಿಲ್ಲವೆಂಬ ಮಾತು ಮಾತ್ರ ತಲೆಕೆಳಗಾದುದು. ಆ ಅಧಿಕಾರವನ್ನು ಬಿಟ್ಟರೆ ಅವನ ಹಣವು ವ್ಯರ್ಥವಾಗುವುದು ನಿಶ್ಚಯ.

ಏಕೆಂದರೆ ಸದ್ದುಗಳ ಸಂಕಲನವು ರೂಪಾಯಿಗಳ ಸಂಕಲನದಂತಲ್ಲ. ೪೦ ಡೆಸಿಬಲ್ಲಿನ ಸದ್ದೊಂದಕ್ಕೆ ೩೦ ಡೆಸಿಬಲ್ಲಿನ ಸದ್ದನ್ನು ಕೂಡಿಸಿದರೆ ೭೦ ಆಗದು, ೪೦.೪ ಮಾತ್ರ ಆಗುವುದು. ಆದುದರಿಂದ ಮೆಲ್ಲನೆಯ ಬೀಸಣಿಗೆಯನ್ನು ತೆಗೆದು ಸಂಪೂರ್ಣ ನಿಶ್ಶಬ್ದವಾದುದನ್ನು ಹಾಕಿದರೂ ಕಿವಿಗೆ ಏನೂ ತಿಳಿಯುವುದಿಲ್ಲ. ಸಮನಾದ ಎರಡರಲ್ಲಿ ಒಂದನ್ನು ನಿಲ್ಲಿಸಿದರೂ ಇಳಿಯುವುದು ೩ ಡೆಸಿಬಲ್ ಮಾತ್ರ. ಹೆಚ್ಚು ಕೂಗುವುದಾವುದೆಂದು ಗುರುತಿಸಿ ಅದಕ್ಕೆ ಮೊದಲು ಹಣವನ್ನು ಕೊಟ್ಟರೆ ಮಾತ್ರ ಆ ಹಣವು ಸದ್ದಿಗೆ ತಗಲುವುದು. ವೈದ್ಯರು ನಿದಾನವೆಂದು ಕರೆಯುವುದು ಇದನ್ನೇ. ರೋಗದ ಕಾರಣವನ್ನು ತೊಲಗಿಸುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲೆಂದು ಆಯುರ್ವೇದವು ಹೇಳುವುದು.

ದೃಷ್ಟಾಂತದ ಸಭೆಯಲ್ಲಿ ಯಾರೋ ಒಬ್ಬರಿಗೆ ಕಡೆಯಲ್ಲಿ ಹೊಳೆಯಿತೆಂದು ಭಾವಿಸಬಹುದು: ಈವರೆಗೆ ಆ ಹುಡುಗನನ್ನೇ ಯಾರೂ ಕೇಳಲಿಲ್ಲ.

“ಏನಪ್ಪಾ, ನಿನಗೆ ಹೇಗೆ ಕೇಳಿಸುತ್ತದೆ?”

“ಮೂರು ಥರ ಕೇಳಿಸುತ್ತದೆ ಸಾರ್” ಎಂದನು ಹುಡುಗ. “ಹಿಂದುಗಡೆ ಎಡಕ್ಕೆ ಒಂದು ಗುರುಗುರು ಅನ್ನುತ್ತದೆ. ಆನ್ ಮಾಡಿದಾಗ ಜೋರು, ಹತ್ತು ನಿಮಿಷ ಆದ ಮೇಲೆ ಸ್ವಲ್ಪ ಕಡಿಮೆ ಆಗುತ್ತದೆ. ಒಂದು ತಗಡು ನಡುಗೋ ಸದ್ದು. ಪಕ್ಕದ ಮುಚ್ಚಳದ ಮೇಲೆ ಕೈ ಇಟ್ಟರೆ ನಿಂತುಹೋಗುತ್ತದೆ. ಇನ್ನೊಂದು ಬರೀ ಗಾಳಿ. ದೊಡ್ಡ ಪುಸ್ತಕ ತೆರೆದಾಗ ಏರುತ್ತದೆ.”

ಖಜಾಂಚಿಯು ಎದ್ದುಹೋಗಿ ಮುಚ್ಚಳದ ಮೇಲೆ ಕೈಯಿಟ್ಟರು. ತಗಡಿನ ಸದ್ದು ನಿಂತಿತು. ಕೈಯನ್ನು ತೆಗೆದರು, ಬಂದಿತು. ಎರಡು ವರ್ಷಗಳಿಂದ ಆ ಕೋಣೆಯಲ್ಲಿ ಕುಳಿತಿದ್ದವರಿಗೆ ಒಂದಾಗಿದ್ದುದು ಮೂರಾಗಿ ಒಡೆಯಿತು. ನೋಯುವವನೇ ನೋವಿನ ಪಂಡಿತನೆಂಬುದು ನಿಜವಾದರೆ, ಅವನನ್ನು ಕೊನೆಯಲ್ಲಿ ಕೇಳುವ ಪದ್ಧತಿಯು ಲೋಕದಲ್ಲಿ ಹೇಗೆ ಬೇರೂರಿತೋ ತಿಳಿಯದು. ವೈದ್ಯಶಾಲೆಯಲ್ಲಿ ರೋಗಿಯನ್ನೂ ಶಾಲೆಯಲ್ಲಿ ವಿದ್ಯಾರ್ಥಿಯನ್ನೂ ಮನೆಯಲ್ಲಿ ಸೊಸೆಯನ್ನೂ ಹಾಗೆಯೇ ಕೊನೆಗೆ ಕೇಳುವರು, ಕೇಳದಿರುವುದೂ ಉಂಟು.

ನಿದಾನವು ದೊರೆತ ಮೇಲೆ ಚಿಕಿತ್ಸೆಯು ಕಠಿನವಲ್ಲ. ತಣ್ಣಗಿದ್ದಾಗ ಗುರುಗುಟ್ಟಿ ಬಿಸಿಯಾದ ಮೇಲೆ ತಗ್ಗುವುದು, ಎಣ್ಣೆ ಆರುತ್ತಿರುವ ಬೇರಿಂಗಿನ ಲಕ್ಷಣ. ಬೆನ್ನಿನ ಬೀಸಣಿಗೆಯ ಚೀಟಿಯನ್ನು ಸುಲಿದು ಹೊಲಿಗೆಯಂತ್ರದ ಎಣ್ಣೆಯನ್ನು ಒಂದೆರಡು ಹನಿ ಬಿಟ್ಟರೆ, ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದಂತೆ, ಕೆಲವು ತಿಂಗಳು ಸುಮ್ಮನಿರಬಹುದು; ಆದರೆ ಸವೆದ ಕುಳಿಯು ತುಂಬುವುದಿಲ್ಲ. ಬದಲಾಯಿಸಬೇಕಾದುದು ಇದೊಂದೇ. ಅಳತೆಯನ್ನು ರೆಕ್ಕೆಯ ತುದಿಯಿಂದಲ್ಲ, ಚೌಕಟ್ಟಿನ ಅಂಚಿನಿಂದ ಅಂಚಿಗೆ ತೆಗೆದುಕೊಳ್ಳಬೇಕು. ೧೨೦ ಮಿಲಿಮೀಟರಿನದಾದರೆ ತಿರುಪಿನ ತೂತುಗಳ ಅಂತರವು ೧೦೫, ೮೦ರದಾದರೆ ೭೧.೫. ಜಾಗವಿದ್ದರೆ ದೊಡ್ಡದನ್ನೇ ಆರಿಸುವುದು ಲೇಸು: ಒಂದೇ ಆಕಾರದ ೧೨೦ರ ಬೀಸಣಿಗೆಯು ೮೦ರದರ ಮೂರರಲ್ಲೊಂದು ಪಾಲಿನ ವೇಗದಲ್ಲಿ ತಿರುಗಿಯೂ ಅಷ್ಟೇ ಗಾಳಿಯನ್ನು ನೂಕಬಲ್ಲುದು, ನೂಕುವ ಒತ್ತಡವು ಮಾತ್ರ ಕಡಮೆ. ಅಗ್ಗದ ತೋಳು ಬೇರಿಂಗಿನದಕ್ಕಿಂತ ದ್ರವ ಬೇರಿಂಗಿನದಕ್ಕೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅದು ಹೆಚ್ಚು ಕಾಲ ಸುಮ್ಮನಿರುವುದು. ಸಾಧಾರಣವಾದುದು ಕೆಲವು ನೂರು ರೂಪಾಯಿಗಳಿಗೇ ದೊರೆಯುವುದು.

ತಗಡಿನ ನಡುಕಕ್ಕೆ ಬೇಕಾದುದು ತಿರುಪನ್ನು ಬಿಗಿಮಾಡುವುದು. ಹಳೆಯ ಸೈಕಲ್ಲಿನ ಟ್ಯೂಬನ್ನು ಕತ್ತರಿಸಿ ನಡುವೆ ಇಡುವುದು. ಮೂರನೆಯದಾದ ಗಾಳಿಯ ಸದ್ದಿನಲ್ಲಿ ಬೀಸಣಿಗೆಯ ಅಪರಾಧವೇ ಇರಲಿಲ್ಲ. ಲೋಹದ ಹಾಳೆಗಳ ನಡುವೆ ಕಂಬಳಿಯಂತೆ ಧೂಳು ಹೆಪ್ಪುಗಟ್ಟಿತ್ತು. ಲೇಪವು ಒಣಗಿ ಸುಣ್ಣವಾಗಿತ್ತು. ಬಡಪಾಯಿ ಬೀಸಣಿಗೆಯು ಮುಚ್ಚಿದ ಬಾಗಿಲಿನ ಮುಂದೆ ನಿಂತು ಕೂಗುತ್ತಿದ್ದಿತು. ಅದನ್ನು ಬದಲಾಯಿಸಿದ್ದರೆ ಹೊಸದೂ ಹಾಗೆಯೇ ಕೂಗುತ್ತಿತ್ತು. ರೆಕ್ಕೆಗಳನ್ನು ಬೆರಳಿನಿಂದ ಹಿಡಿದು, ಬ್ರಷ್ಷಿನಿಂದ ಧೂಳನ್ನು ತೆಗೆದು, ಲೇಪವನ್ನು ಒರಸಿ ಹೊಸದಾಗಿ ಹಚ್ಚಿದರೆ ಸಾಕು.

ಎಸ್‌ಎಂಪಿಎಸ್ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಮಿತವ್ಯಯದ ಹಟವನ್ನು ಬಿಡಬೇಕು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರೊಳಗಣ ಕೆಪ್ಯಾಸಿಟರಿನಲ್ಲಿ ೩೦೦ ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು. ಇನ್ನೂರು ರೂಪಾಯಿಗಳನ್ನುಳಿಸಲು ಪ್ರಾಣವನ್ನು ಒಡ್ಡುವವನಿಗೆ ಲೆಕ್ಕವು ಬಾರದು. ಆ ಬೀಸಣಿಗೆಯು ಮೆಲ್ಲನೆ ಗುಂಯ್ಯೆನ್ನುತ್ತಿದ್ದರೆ ಗುಂಯ್ಯೆನ್ನಲಿ. ಕೆಟ್ಟುಹೋದ ದಿನ ಇಡೀ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಎಲ್ಲಾ ಗೊಣಗಾಟವನ್ನೂ ತೊಲಗಿಸಲು ಹ��ರಟವನು ಕಾರ್ಲೈಲನ ಕೋಣೆಯನ್ನೇ ಕಟ್ಟಿಸಬೇಕಾದೀತು. ಭಾರತದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ಕೂಡ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಣ ಮೌನವಲಯದಲ್ಲಿ ಹಗಲು ೫೦, ಇರುಳು ೪೦ ಡೆಸಿಬಲ್ಲುಗಳಿಗೆ ಅವಕಾಶವಿಟ್ಟಿವೆ. ಶೂನ್ಯವನ್ನು ಯಾರೂ ಕೇಳಿಲ್ಲ.

ದೃಷ್ಟಾಂತದ ಸಂಘವು ಹೀಗೆ ಮಾಡಿತೆಂದರೆ ಅದರ ಲೆಕ್ಕದ ಪುಸ್ತಕದಲ್ಲಿ ಬೀಸಣಿಗೆಗೆ ೪೫೦, ಲೇಪಕ್ಕೆ ೧೫೦, ಬ್ರಷ್ಷಿಗೆ ೪೦, ಒಟ್ಟು ೬೪೦ ರೂಪಾಯಿ ಎಂದು ಬರೆದಿರುವುದು. ಉಳಿದ ೮೬೦ಕ್ಕೆ ಖಜಾಂಚಿಯವರು ನಾಲ್ಕು ಪುಸ್ತಕಗಳನ್ನು ತರಿಸಿದರು. ಅವುಗಳಲ್ಲಿ ಎರಡನ್ನು ಗಣಕದಲ್ಲಿ ಓದಿಸಲು ಬರುವುದೋ ಇಲ್ಲವೋ ಎಂದು ಕೊಳ್ಳುವ ಮೊದಲು ಹುಡುಗನನ್ನು ಕೇಳಿದರು. ಗುಮಾಸ್ತೆಯು ಎಚ್ಚರಿಕೆಯ ಸೂಚನೆಯನ್ನು ಮತ್ತೆ ಜಾರಿಗೆ ತಂದನು. ಯಂತ್ರವು ಎದ್ದಿದೆಯೋ ಇಲ್ಲವೋ ಎಂಬುದು ಈಗ ಕೋಣೆಯಲ್ಲಿ ಯಾರಿಗೂ ಒಡನೆ ತಿಳಿಯದು. ಬಂದವರು ಪೆಟ್ಟಿಗೆಯ ಮೇಲೆ ಕೈಯಿಟ್ಟು ಬೆಚ್ಚಗಿರುವುದನ್ನು ನೋಡಿಕೊಂಡು ಕೂರುವರು. ಹುಡುಗನು ಹೆಡ್‌ಫೋನನ್ನು ಮೊದಲಿನಂತೆ ಒಂದೇ ಕಿವಿಗೆ ಇಟ್ಟುಕೊಂಡು, ಓದುವ ದನಿಯನ್ನು ಎರಡು ಮೆಟ್ಟಿಲು ಇಳಿಸಿ, ಅದರ ವೇಗವನ್ನು ಒಂದು ಮೆಟ್ಟಿಲು ಏರಿಸಿದನು.